ಮೂಲೆ ಕಿಟಕಿಯ ಪರದೆ

ಹೊಲಿಗೆಯಮ್ಮನನ್ನು ನಾನು ಮೊದಲ ಸಲ ನೋಡಿದ್ದು ದೊಡ್ಡಮನೆಗೆ ಟಿಕೆಟ್ ಇಲ್ಲದ ದಿನ. ವರ್ಷಕ್ಕೆ ಒಂದು ದಿನ ಹಾಗೆ ಎಲ್ಲರನ್ನೂ ಒಳಗೆ ಬಿಡುತ್ತಾರೆ. ಅವತ್ತು ಜನ ಬುತ್ತಿ ಬುಟ್ಟಿ, ಚಾಪೆ, ಚೆಂಡು, ಕೈಕೂಸು ಎಲ್ಲ ಹೊತ್ತುಕೊಂಡು ಬೆಳಿಗ್ಗೆಯೇ ಗೇಟಿನ ಮುಂದೆ ನಿಂತಿರುತ್ತಾರೆ. ಹತ್ತು ಗಂಟೆಯ ಹೊತ್ತಿಗೆ ತೋಟದಲ್ಲಿ ಕಾಲಿಡಲು ಜಾಗ ಇರುವುದಿಲ್ಲ.

ದೊಡ್ಡಮನೆ ಅಂದರೆ ಇನ್ನೂರು ವರ್ಷದ ಹಿಂದೆ ಯಾರೋ ಶ್ರೀಮಂತರು ಕಟ್ಟಿಸಿದ ಎರಡಂತಸ್ತಿನ ಮನೆ. ಅವರ ಕಡೆಯವರು ಈಗ ಯಾರೂ ಇಲ್ಲ. ಅವರ ಮಂಚ, ಕನ್ನಡಿ, ಊಟದ ಮೇಜು ಮಾತ್ರ ಇದ್ದ ಹಾಗೇ ಇವೆ. ಜನ ಹಗ್ಗದ ಈಚೆ ನಿಂತು ನೋಡಿ ಹೋಗುತ್ತಾರೆ. ನೆಲ ಪೂರ್ತಿ ಮರದ್ದು. ಅದಕ್ಕೇ ಚಪ್ಪಲಿ, ಬೂಟು ಒಳಗೆ ಹೋಗುವಂತಿಲ್ಲ. ಬಾಗಿಲ ಪಕ್ಕದ ಕಟ್ಟೆಯ ಹಿಂದೆ ಸ್ಟೂಲಿನ ಮೇಲೆ ಕೂತು, ಅವನ್ನು ಇಸಿದುಕೊಂಡು ನಂಬರಿನ ಹಿತ್ತಾಳೆ ಬಿಲ್ಲೆ ಕೊಡುವುದು ನನ್ನ ಕೆಲಸ. ಬಾಗಿಲು ತೆರೆಯುವ ಮುಂಚೆ ಮಹಡಿಯ ಕೋಣೆಗಳ ಧೂಳು ಹೊಡೆಯುವುದೂ ನನ್ನದೇ. ನನ್ನ ಯಜಮಾನರು ಅಲ್ಲಿ ತೋಟದ ಮಾಲಿಯಾಗಿದ್ದರು. ಅವರು ತೀರಿಕೊಂಡ ಮೇಲೆ ನನಗೆ ಆ ಸ್ಟೂಲು ಕೊಟ್ಟರು. ಬಿಲ್ಲೆಯ ಮೇಲಿನ ನಂಬರು ಓದಲು ಬರುತ್ತಿತ್ತು, ಅಷ್ಟು ಸಾಕಿತ್ತು.

ಅವತ್ತು ಒಂದು ಸಂಸಾರ ಬಂತು. ಬಸ್ ಓಡಿಸುವ ಮಗ, ಅವನ ಹೆಂಡತಿ, ಮುಂದಿನ ಎರಡು ಹಲ್ಲು ಬಿದ್ದ ಏಳು ವರ್ಷದ ಮಗಳು, ಮತ್ತೆ ಅವನ ತಾಯಿ. ತಾಯಿ ಗಿಡ್ಡ, ಬೆನ್ನು ಸ್ವಲ್ಪ ಬಾಗಿದೆ, ಎಡಗೈಯಲ್ಲಿ ಬುಟ್ಟಿ. ಬುಟ್ಟಿಯನ್ನು ನನ್ನ ಕಟ್ಟೆ ದಾಟಿಸುವ ಹಾಗಿಲ್ಲ ಅಂದೆ.

ಮಗ ಅಂದ, "ಅಮ್ಮಾ, ಮೇಲಕ್ಕೆ ಮೂವತ್ತನಾಲ್ಕು ಮೆಟ್ಟಿಲಂತೆ. ನಿನ್ನ ಮಂಡಿ ಒಪ್ಪಲ್ಲ. ಇಲ್ಲೇ ಬೆಂಚಿನ ಮೇಲೆ ಕೂತಿರು, ಬುಟ್ಟಿ ನೋಡ್ಕೋ."

"ಹೂಂ ಕಣಪ್ಪಾ. ನೀವು ಮನೆ ನೋಡಿ, ನಾನು ಬುಟ್ಟಿ ನೋಡ್ತೀನಿ. ಎಲ್ಲರೂ ನೋಡಿದ ಹಾಗಾಯ್ತು."

ಬೆಂಚಿನ ಮೇಲೆ ಕೂತವರು ಸುಮ್ಮನೆ ಕೂರಲಿಲ್ಲ. ಮಕ್ಕಳ ಪುಟ್ಟ ಬೂಟುಗಳನ್ನು ತುಂಬಿಡುವ ನನ್ನ ಬಟ್ಟೆಚೀಲದ ಮೂಲೆ ಹರಿದಿತ್ತು. ಅದನ್ನು ಎರಡು ಸಲ ನೋಡಿದರು. ಮೂರನೆಯ ಸಲ, "ಅದನ್ನ ಇಲ್ಲಿ ಕೊಡಿ ಅಕ್ಕ, ನೋಡಿ ನೋಡಿ ನನ್ನ ಕೈ ಕಡೀತಿದೆ" ಅಂದರು. ಕಾಲರಿನ ಒಳಗಿಂದ ದಾರ ಪೋಣಿಸಿದ ಸೂಜಿ ತೆಗೆದರು. ಹೊಲಿದದ್ದು ಎಡಗೈಯಲ್ಲಿ.

"ನೀವು ಎಡಗೈಯವರಾ?"

"ಹೂಂ. ವರ್ಕ್‌ಶಾಪಲ್ಲಿ ನನ್ನ ಹೆಸರೇ ಎಡಚಿ. ಸ್ವಂತ ಹೆಸರು ಹಿಡಿದು ಸಂಬಳದ ದಿನ ಮಾತ್ರ ಕರೀತಿದ್ರು."

ನಾನು ನಕ್ಕೆ. ಅವರು ನನ್ನನ್ನು ಅಕ್ಕ ಅಂದರು, ನಾನು ಅವರನ್ನು ಅಕ್ಕ ಅಂದೆ. ಇಬ್ಬರಲ್ಲಿ ಯಾರು ದೊಡ್ಡವರು ಅನ್ನುವುದು ಕೊನೆಗೂ ತೀರ್ಮಾನವಾಗಲಿಲ್ಲ.

ಅಷ್ಟರಲ್ಲಿ ಮೊಮ್ಮಗಳು ಮೆಟ್ಟಿಲು ಧಡಧಡ ಇಳಿದು ಬಂತು. "ಅಜ್ಜೀ! ಮೇಲೆ ಮಂಚದ ಹಿಂದೆ ಒಂದು ಪರದೆ ಇದೆ. ಅದರಲ್ಲಿ ಹಕ್ಕಿ ಎಲ್ಲಾ ತಲೆಕೆಳಗಾಗಿ ಲಾಗ ಹಾಕ್ತಿವೆ!"

ಹಿಂದಿನಿಂದ ಬಂದ ಮಗ, "ಬಾವಲಿ ಇರ್ಬೇಕು ಬಿಡೇ" ಅಂದ.

ಹೊಲಿಗೆಯಮ್ಮನ ಸೂಜಿ ನಿಂತಿತು. ದಾರವನ್ನು ಹಲ್ಲಿನಲ್ಲಿ ಕಚ್ಚಿ ತುಂಡು ಮಾಡಿ, ಚೀಲವನ್ನು ನನ್ನ ಕೈಗೆ ಕೊಟ್ಟು, ಮೆಲ್ಲಗೆ ಕೇಳಿದರು: "ಮೂಲೆ ಕಿಟಕಿನಾ?"

"ಹೌದು."

"ಇನ್ನೂ ತೆಗೆದಿಲ್ವಾ ಅದನ್ನ?"

ಇಲ್ಲ ಅಂದೆ. ತೋಟದಲ್ಲಿ ಬುತ್ತಿ ಬಿಚ್ಚಿದಾಗ ಕಿಟಕಿಯಿಂದ ನೋಡಿದೆ. ಎಲ್ಲರಿಗೂ ಹಣ್ಣು ಹೆಚ್ಚಿ ಕೊಡುತ್ತಿದ್ದರು, ತಾವು ತಿನ್ನುತ್ತಿರಲಿಲ್ಲ.

ಮರುವರ್ಷ ಅದೇ ದಿನ ಅವರು ಮಗ ಹೇಳುವ ಮುಂಚೆಯೇ ಬೆಂಚಿನ ಮೇಲೆ ಕೂತರು. ಮನೆಯವರು ಮಹಡಿ ಹತ್ತಿದ ಮೇಲೆ, "ಅಕ್ಕ, ಒಂದು ಮಾತು ಹೇಳ್ಬೇಕು. ಒಂದು ವರ್ಷದಿಂದ ನಾಲಿಗೆ ತುದೀಲಿದೆ" ಅಂದರು. ಜನ ಬಂದಾಗ ನಿಲ್ಲಿಸಿ, ನಾನು ಬಿಲ್ಲೆ ಕೊಟ್ಟು ತಿರುಗಿದಾಗ ಬಿಟ್ಟಲ್ಲಿಂದ ಮುಂದುವರಿಸಿ, ಪೂರ್ತಿ ಹೇಳಿದರು. ಅವರು ಹೇಳಿದ್ದು ಇಷ್ಟು.

ಮೂವತ್ತೆಂಟು ವರ್ಷದ ಹಿಂದೆ ದೊಡ್ಡಮನೆಯನ್ನು ರಿಪೇರಿ ಮಾಡಿಸಿದರು. ಮಹಡಿಯ ಮಲಗುವ ಕೋಣೆಗೆ ಹತ್ತು ಪರದೆ ಬೇಕಾಗಿತ್ತು. ಕೆಲಸ ಬಂದದ್ದು ಹೊಲಿಗೆಯಮ್ಮ ಇದ್ದ ವರ್ಕ್‌ಶಾಪಿಗೆ. ಇಪ್ಪತ್ತೆರಡು ಹೆಂಗಸರು ಉದ್ದ ಮೇಜುಗಳಿಗೆ ಕೂತು ಹೋಟೆಲುಗಳ ಹಾಸು, ಹೊದಿಕೆ, ಪರದೆ ಹೊಲಿಯುವ ಜಾಗ ಅದು. ದೊಡ್ಡಮನೆಯ ಬಟ್ಟೆ ಅದಕ್ಕೆಂದೇ ನೇಯಿಸಿದ್ದು: ಹಸಿರು ಮೈ, ಅದರ ಮೇಲೆ ಕಂದು ಹಕ್ಕಿ. ಲೆಕ್ಕಕ್ಕೆ ಸರಿಯಾಗಿ ಬಂದಿತ್ತು, ಒಂದು ಗೇಣು ಹೆಚ್ಚಿರಲಿಲ್ಲ. ಮೆಷಿನ್ ಹೊಲಿಗೆ ಕಾಣಕೂಡದು, ಅಂಚೆಲ್ಲ ಕೈಯಲ್ಲೇ ಹೆಮ್ಮಿಂಗ್ ಮಾಡಬೇಕು ಅಂತ ಕರಾರು. ಕೈ ಚೊಕ್ಕ ಇದ್ದ ಇಬ್ಬರನ್ನು ಕಟಿಂಗ್ ಮಾಸ್ಟರ್ ಆರಿಸಿದರು. ಒಬ್ಬರು ಹೊಲಿಗೆಯಮ್ಮ. ಇನ್ನೊಬ್ಬರಿಗೆ ಅಲ್ಲಿ ರೇಡಿಯೋ ಅಂತ ಹೆಸರು.

"ಯಾಕೆ ರೇಡಿಯೋ?"

"ಬೆಳಿಗ್ಗೆ ಕೂತರೆ ಶುರು, ಸಾಯಂಕಾಲ ಎದ್ದರೆ ಬಂದ್. ಅವಳಿದ್ರೆ ನನಗೆ ಮಾತಾಡೋ ಕೆಲಸವೇ ಇಲ್ಲ. ನನ್ನ ಪಾಲಿನದನ್ನೂ ಅವಳೇ ಆಡ್ತಿದ್ಲು."

ಇಬ್ಬರೂ ಒಂದೇ ಬಸ್ಸಿಗೆ ಬರುತ್ತಿದ್ದರು, ಒಂದೇ ಡಬ್ಬಿಯಲ್ಲಿ ಉಣ್ಣುತ್ತಿದ್ದರು. ಮಳೆ ಬಂದರೆ ಇಬ್ಬರಿಗೂ ಒಂದೇ ಕೊಡೆ. ಉದ್ದಕ್ಕಿದ್ದ ರೇಡಿಯೋ ಹಿಡಿಯುತ್ತಿದ್ದಳು, ಗಿಡ್ಡಗಿದ್ದ ಹೊಲಿಗೆಯಮ್ಮ ನೆನೆಯುತ್ತಿದ್ದರು. ಎದುರು ಬದುರು ಕೂತು ಹತ್ತು ಪರದೆಯನ್ನೂ ಮುಗಿಸಿದರು. ಮುಗಿದದ್ದನ್ನು ಒಂದರ ಮೇಲೊಂದು ಮಡಚಿ ಇಡುತ್ತಿದ್ದರಿಂದ ಯಾವುದು ಯಾರದು ಅನ್ನುವ ಗುರುತಿರಲಿಲ್ಲ.

ತೂಗುಹಾಕಲು ಹೋದಾಗ ಒಂಬತ್ತು ಸರಿಯಾಗಿದ್ದವು. ಒಂದರಲ್ಲಿ ಹಕ್ಕಿಗಳ ತಲೆ ಕೆಳಗೆ, ಕಾಲು ಮೇಲೆ. ಯಾವ ಕಡೆ ಮೇಲು ಅಂತ ಮಾಸ್ಟರ್ ಹಾಕಿದ ಚಾಕಿನ ಗುರುತು ಅಳಿಸಿಹೋಗಿರಬೇಕು, ಹೊಲಿದವರು ಗಮನಿಸಿಲ್ಲ. ಬಿಚ್ಚಿ ಸರಿ ಮಾಡುವಂತಿಲ್ಲ, ಯಾಕೆಂದರೆ ಉಂಗುರ ಪೋಣಿಸುವ ತೂತುಗಳನ್ನು ಆಗಲೇ ಕತ್ತರಿಸಿ ಆಗಿತ್ತು. ಬೇರೆ ಬಟ್ಟೆ ಇಲ್ಲ. ಕೊನೆಗೆ ಅದನ್ನು ಮಂಚದ ಹಿಂದಿನ ಮೂಲೆ ಕಿಟಕಿಗೆ ಹಾಕಿದರು. ಆದರೆ ಹಾಕುವ ಮುಂಚೆ ಮಾಸ್ಟರ್ ಅದನ್ನು ವರ್ಕ್‌ಶಾಪಿಗೆ ತಂದು ಮೇಜಿನ ಮೇಲೆ ಹರವಿ ಕೇಳಿದರು, "ಇದು ಯಾರ ಕೈ?"

ಇಬ್ಬರೂ ಮಾತಾಡಲಿಲ್ಲ.

ಮಾಸ್ಟರ್ ರೇಡಿಯೋ ಕಡೆ ತಿರುಗಿ, "ನಿಂದೇ ಇರ್ಬೇಕು. ಬಾಯಿ ಅಷ್ಟು ಓಡಿದ್ರೆ ಕೈ ಎಲ್ಲಿ ನಿಲ್ಲುತ್ತೆ?" ಅಂದರು. ರೇಡಿಯೋ ಹೊಲಿಗೆಯಮ್ಮನ ಮುಖ ನೋಡಿದಳು. ಹೊಲಿಗೆಯಮ್ಮ ಮೇಜು ನೋಡಿದರು. ಅವತ್ತೇ ಸಾಯಂಕಾಲ ರೇಡಿಯೋಳನ್ನು ಕೆಲಸದಿಂದ ಬಿಡಿಸಿದರು. ದೊಡ್ಡಮನೆಯ ಬಟ್ಟೆ ಕೆಡಿಸಿದವಳು ಅನ್ನುವ ಮಾತು ಎಲ್ಲ ಕಡೆ ಹೋಗಿ, ಬೇರೆ ಯಾರೂ ಅವಳ ಕೈಗೆ ಸೂಜಿ ಕೊಡಲಿಲ್ಲ. ಒಂದು ಕ್ಯಾಂಟೀನಿನಲ್ಲಿ ಪಾತ್ರೆ ತೊಳೆಯುತ್ತಾ ವರ್ಷಗಳನ್ನು ಕಳೆದಳು.

"ದಾರೀಲಿ ಸಿಕ್ಕಿದ್ರೆ 'ಏನೇ ಎಡಚಿ' ಅಂತ ಅವಳೇ ಕೂಗಿ ಮಾತಾಡಿಸ್ತಿದ್ಲು. ನಾನು ಏನೋ ಅರ್ಜೆಂಟ್ ಇದೆ ಅಂತ ರಸ್ತೆ ದಾಟಿಬಿಡ್ತಿದ್ದೆ. ಆ ಕೈ ನೋಡೋಕಾಗ್ತಿರಲಿಲ್ಲ ಅಕ್ಕ. ಬೆರಳೆಲ್ಲ ನೀರಲ್ಲಿ ನೆಂದು ಸುಲಿದುಹೋಗಿತ್ತು."

"ಅದು ನಿಮ್ಮದೋ ಅವರದೋ?"

"ಅದೇ ಗೊತ್ತಿಲ್ಲ. ಅದೇ ಗೊತ್ತಾಗ್ಬೇಕು." ಅವರು ಬೆಂಚಿನಿಂದ ಎದ್ದು ಬಂದು ನನ್ನ ಕಟ್ಟೆಗೆ ಆತು ನಿಂತರು. "ಗೊತ್ತಾಗೋಕೆ ದಾರಿ ಇದೆ. ಬಲಗೈಯಲ್ಲಿ ಹೆಮ್ಮಿಂಗ್ ಮಾಡಿದ್ರೆ ಹೊಲಿಗೆ ಒಂದು ಕಡೆ ವಾಲುತ್ತೆ. ನಾನು ಎಡಚಿ, ನನ್ನದು ಇನ್ನೊಂದು ಕಡೆ ವಾಲುತ್ತೆ. ಮುಂಭಾಗದಲ್ಲಿ ಕಾಣಲ್ಲ, ಹಿಂದೆ ಮಗುಚಿ ನೋಡಬೇಕು. ನೀವು ದಿನಾ ಮೇಲೆ ಹೋಗ್ತೀರಲ್ಲ, ಒಂದು ಸಲ ನೋಡಿ ಹೇಳ್ತೀರಾ?"

ಆಗಲೇ ಹೋದೆ. ನನ್ನ ಸ್ಟೂಲಿನ ಮೇಲೆ ಅವರನ್ನು ಕೂರಿಸಿ, ಬಿಲ್ಲೆ ನೋಡಿ ಚಪ್ಪಲಿ ಕೊಡಿ ಅಂದೆ. ಮಹಡಿಯಲ್ಲಿ ಕಾವಲಿನವನಿದ್ದ. ದಿನವಿಡೀ 'ಮುಟ್ಬೇಡಿ, ಮುಟ್ಬೇಡಿ' ಅಂತಲೇ ಇರುವುದರಿಂದ ಅವನಿಗೆ ಮುಟ್ಬೇಡಿ ಅಂತಲೇ ಹೆಸರು. ಧೂಳು ಹೊಡೆಯುವವಳು ಅಂತ ನನ್ನನ್ನು ತಡೆಯಲಿಲ್ಲ. ಮೂಲೆ ಕಿಟಕಿಯ ಪರದೆಯ ಅಂಚು ಮಗುಚಿ, ಕನ್ನಡಕ ಹಾಕಿಕೊಂಡು, ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಹೊಲಿಗೆಗಳೆಲ್ಲ ಒಂದೇ ಕಡೆ ವಾಲಿದ್ದವು. ನನಗೆ ಹೊಲಿಗೆ ಗೊತ್ತಿಲ್ಲ; ಮರೆಯಬಾರದು ಅಂತ ತೋರುಬೆರಳನ್ನು ಹಾಗೆಯೇ ವಾರೆಯಾಗಿ ಎತ್ತಿ ಹಿಡಿದುಕೊಂಡು ಮೆಟ್ಟಿಲಿಳಿದೆ. ಎದುರು ಬಂದವರು ದಾರಿ ಬಿಟ್ಟರು.

ಕೆಳಗೆ ಅವರು ಕಟ್ಟೆಯ ಒಳಗೆ ನನ್ನ ಸ್ಟೂಲಿನ ಮೇಲಿದ್ದರು. ನಾನು ಹೊರಗೆ, ಅವರ ಎದುರಿಗೆ ನಿಂತೆ. ಹೇಗೆ ನೋಡಿದೆನೋ ಹಾಗೇ ಗಾಳಿಯಲ್ಲಿ ಬೆರಳಿನಿಂದ ಗೀರಿ ತೋರಿಸಿದೆ.

"ಹೀಗೆ."

"ಸರಿಯಾಗಿ ನೋಡಿದ್ರಾ?"

"ಕಣ್ಣಾರೆ ನೋಡಿದೆ ಅಕ್ಕ."

"ಇನ್ನೊಂದು ಸಲ ತೋರಿಸಿ."

ಮತ್ತೆ ಗೀರಿದೆ. ಅವರು ಎರಡು ಅಂಗೈಯನ್ನೂ ಕಟ್ಟೆಯ ಮೇಲೆ ಊರಿ, ಸದ್ದಿಲ್ಲದೆ ನಗತೊಡಗಿದರು. "ನನ್ನದಲ್ಲ. ನನ್ನದಲ್ಲ ಅಕ್ಕ. ಅವಳದೇ." ಕಣ್ಣಲ್ಲಿ ನೀರು ಬಂದಿತ್ತು. ಆ ಸಂಭ್ರಮದಲ್ಲಿ ಹದಿನಾಲ್ಕರ ಬಿಲ್ಲೆಯವರಿಗೆ ನಲವತ್ತೊಂದರ ಬೂಟು ಕೊಟ್ಟು ಕಳಿಸಿದ್ದರು. ಆ ಮನುಷ್ಯ ಗೇಟಿನ ತನಕ ಹೋಗಿ, ಕಾಲು ಹಿಡಿಸದೆ ಕುಂಟುತ್ತಾ ವಾಪಸ್ ಬಂದ.

ಅದಾಗಿ ನಾಲ್ಕು ತಿಂಗಳಿಗೆ ಪೇಂಟರ್ ಒಬ್ಬ ಬಂದ. ನನ್ನ ಕಟ್ಟೆಯ ಪಕ್ಕದಲ್ಲಿರುವ ಗಾಜಿನ ಬಾಗಿಲ ಮೇಲಿನ ಅಕ್ಷರ ಮಾಸಿತ್ತು, ಹೊಸದಾಗಿ ಬರೆಯಬೇಕಿತ್ತು. ನಾನು ಅಕ್ಷರ ಕಲಿತದ್ದು ಐವತ್ತು ದಾಟಿದ ಮೇಲೆ, ಅದೂ ಈ ಬಾಗಿಲನ್ನು ಒಳಗಿನಿಂದ ನೋಡಿ. ಹಾಗಾಗಿ ಮೊದಲು ಕಲಿತದ್ದೆಲ್ಲ ಹಿಂದುಮುಂದು. ಮುಟ್ಬೇಡಿ ನಕ್ಕು ನಕ್ಕು ಆಮೇಲೆ ತಿದ್ದಿದ್ದ. ಪೇಂಟರ್ ಹೊರಗೆ ನಿಂತು ಬರೆಯುತ್ತಿದ್ದ, ನಾನು ಒಳಗೆ ಕೂತು ನೋಡುತ್ತಿದ್ದೆ. ಅಕ್ಷರದ ಸುತ್ತ ಅಂದಕ್ಕೆ ವಾರೆ ಗೀಟುಗಳನ್ನು ಎಳೆಯತೊಡಗಿದ. ಅವನ ಕೈ ಅವನ ಎಡಗಡೆ ಮೇಲಿನಿಂದ ಬಲಗಡೆ ಕೆಳಕ್ಕೆ ಇಳಿಯಿತು. ನನಗೆ ಕಂಡ ಗೀಟು ನನ್ನ ಬಲಗಡೆ ಮೇಲಿನಿಂದ ಎಡಗಡೆ ಕೆಳಕ್ಕಿತ್ತು.

ಅವತ್ತು ಹೊಲಿಗೆಯಮ್ಮ ನನ್ನ ಎದುರಿಗಿದ್ದರು. ನಾನು ಗೀರಿದ್ದು ಅವರಿಗೆ ತಿರುಗಿ ಕಂಡಿದೆ.

ಕಟ್ಟೆ ಬಿಟ್ಟು ಮೇಲೆ ಹೋದೆ. ಪರದೆಯ ಅಂಚಿನ ಪಕ್ಕ ಒಂದು ಕಾಗದ ಇಟ್ಟು, ಹೊಲಿಗೆ ಹೇಗೆ ವಾಲಿದೆಯೋ ಹಾಗೇ ಪೆನ್ಸಿಲಿನಿಂದ ಗೀಟು ಎಳೆದೆ. ಆಮೇಲೆ ಕೆಳಗೆ ಬಂದು, ಅವರು ಮೊದಲ ವರ್ಷ ಹೊಲಿದುಕೊಟ್ಟ ಚೀಲದ ಮೂಲೆ ಮಗುಚಿ ಪಕ್ಕದಲ್ಲಿಟ್ಟೆ. ಎರಡೂ ಒಂದೇ ಕಡೆ ವಾಲಿದ್ದವು.

ಕಾಗದವನ್ನು ಡ್ರಾಯರಿನಲ್ಲಿಟ್ಟೆ. ಅವರ ಮನೆ ಎಲ್ಲಿ ಅಂತ ಕೇಳಿಕೊಂಡಿರಲಿಲ್ಲ. ಮುಂದಿನ ಟಿಕೆಟ್ ಇಲ್ಲದ ದಿನಕ್ಕೆ ಎಂಟು ತಿಂಗಳಿತ್ತು. ಆ ಎಂಟು ತಿಂಗಳಲ್ಲಿ ಎರಡು ಸಲ, ಅವರು ಬರದೇ ಇದ್ದರೆ ಒಳ್ಳೆಯದು ಅಂತ ಅಂದುಕೊಂಡದ್ದುಂಟು. ನಿಜ ಹೇಳಬೇಕಲ್ಲ.

ಅವರು ಬಂದರು. ಗೇಟು ತೆಗೆದ ಕೂಡಲೇ ಎಲ್ಲರಿಗಿಂತ ಮುಂದೆ ಬಂದರು. ಬೆನ್ನು ಕೂಡ ನೆಟ್ಟಗಾದ ಹಾಗಿತ್ತು. ನನ್ನ ಸ್ಟೂಲಿಗೆ ಅಂತ ತುಂಡುಬಟ್ಟೆ ಜೋಡಿಸಿ ಹೊಲಿದ ಒಂದು ದಿಂಬು ತಂದಿದ್ದರು.

"ಎದ್ದೇಳಿ ಅಕ್ಕ, ಕೆಳಗೆ ಹಾಕ್ತೀನಿ. ಇಷ್ಟು ವರ್ಷ ಮರದ ಮೇಲೆ ಕೂತು ನೀವೂ ಮರ ಆಗಿದೀರ."

ಮನೆಯವರು ಒಳಗೆ ಹೋದರು. ಹೊಲಿಗೆಯಮ್ಮ ಬೆಂಚಿನ ಮೇಲೆ ಕೂರಲೂ ಇಲ್ಲ. "ನಿಮ್ಮಿಂದಾಗಿ ಒಂದು ದೊಡ್ಡ ಕೆಲಸ ಆಯ್ತು ಕಣಕ್ಕಾ. ನಾನು ರೇಡಿಯೋ ಮನೆಗೆ ಹೋಗಿದ್ದೆ."

"ಯಾವಾಗ?"

"ಹೋದ ವರ್ಷ ಇಲ್ಲಿಂದ ಮನೆಗೆ ಹೋದ ವಾರದಲ್ಲೇ. ಮಗ ಕರ್ಕೊಂಡು ಹೋಗಿ ಬಿಟ್ಟ. ಅವಳು ಮಗಳ ಮನೇಲಿದಾಳೆ. ಸೊಂಟ ಬಿದ್ದಿದೆ, ಹಾಸಿಗೆ ಮೇಲೇ ಎಲ್ಲ. ನನ್ನ ನೋಡಿದ್ದೇ 'ಬಾರೇ ಎಡಚಿ, ಈಗ ಅರ್ಜೆಂಟ್ ಇಲ್ವಾ' ಅಂದ್ಲು. ಟೀ ಕುಡಿದ್ವಿ. ಆಮೇಲೆ ನಾನು ಹೇಳ್ದೆ, ನೋಡೇ, ನಾನು ವಿಚಾರಿಸಿದೆ, ಆ ಪರದೆ ನನ್ನದಲ್ಲ, ನಿಂದೇ ಅಂತೆ. ಹೊಲಿಗೆ ನೋಡಿದೋರು ಹೇಳಿದ್ರು ಅಂತ."

"ಅವರೇನಂದ್ರು?"

"ಮೊದಲು ನಕ್ಕಳು. ಆಮೇಲೆ 'ಹೌದಾ, ನಾನೇನಾ' ಅಂದ್ಲು. 'ಇಷ್ಟು ವರ್ಷ ನಿಂದೇ ಅಂದ್ಕೊಂಡು ಮನಸ್ಸಲ್ಲೇ ನಿನ್ನ ಬಾಯಿಗೆ ಬಂದ ಹಾಗೆ ಬೈದಿದೀನಿ ಕಣೇ. ತಪ್ಪಾಯ್ತು, ಕ್ಷಮಿಸು' ಅಂದ್ಲು. ಅವಳೇ ನನ್ನ ಕೈ ಹಿಡ್ಕೊಂಡು ಕ್ಷಮೆ ಕೇಳಿದ್ಲು ಅಕ್ಕ. ನಾನು ಹೋಗ್ಲಿ ಬಿಡೇ ಅಂದೆ."

ಹೊಲಿಗೆಯಮ್ಮ ನಗುತ್ತಿದ್ದರು. ನಾನು ಅವರ ದಿಂಬಿನ ಮೇಲೆ ಕೂತಿದ್ದೆ. ಇಬ್ಬರು ಹುಡುಗಿಯರು ಬಂದು ಚಪ್ಪಲಿ ಕೊಟ್ಟರು, ಬಿಲ್ಲೆ ಕೊಟ್ಟೆ. ಒಬ್ಬ ಮುದುಕ ಬಂದ, ಅವನಿಗೂ ಕೊಟ್ಟೆ. ಇನ್ನು ಯಾರೂ ಬರಲಿಲ್ಲ. ಡ್ರಾಯರ್ ಎಳೆದು ಕಾಗದ ತೆಗೆದೆ. ಈ ಸಲ ಎದುರಿಗೆ ನಿಲ್ಲಲಿಲ್ಲ. ಕಟ್ಟೆಯಿಂದ ಹೊರಗೆ ಬಂದು ಅವರ ಪಕ್ಕ ನಿಂತು, ಕಾಗದವನ್ನು ಇಬ್ಬರ ಮುಂದೆ ಹಿಡಿದೆ.

"ಅಕ್ಕ, ಹೊಲಿಗೆ ವಾಲಿರೋದು ಹೀಗೆ. ನಾನು ಅವತ್ತು ನಿಮ್ಮ ಎದುರಿಗೆ ನಿಂತು ಗಾಳಿಯಲ್ಲಿ ತೋರಿಸ್ದೆ. ನಿಮಗೆ ತಿರುಗಿ ಕಂಡಿದೆ. ನನಗೆ ತಿಳೀಲಿಲ್ಲ. ತಪ್ಪು ನನ್ನದು."

ಅವರು ಕಾಗದ ನೋಡಿದರು. ತುಂಬ ಹೊತ್ತು ನೋಡಿದರು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

"ನಾನು ಮೇಲೆ ಹೋಗ್ಬೇಕು" ಅಂದರು.

ಅಷ್ಟರಲ್ಲಿ ಮಗ, ಸೊಸೆ, ಮೊಮ್ಮಗಳು ಇಳಿದು ಬಂದರು. ಮಗ ಬೇಡವೇ ಬೇಡ ಅಂದ. "ಅಮ್ಮಾ, ಹೋದ ತಿಂಗಳು ಡಾಕ್ಟ್ರು ಏನಂದ್ರು? ಮೆಟ್ಟಿಲು ಅಂದ್ರೆ ಮೆಟ್ಟಿಲು ಮುಟ್ಟೋ ಹಾಗಿಲ್ಲ."

ಸೊಸೆ ಅತ್ತೆಯ ಕೈಯಿಂದ ಬುಟ್ಟಿ ತೆಗೆದುಕೊಂಡಳು. "ಹೋಗ್ಲಿ ಬಿಡ್ರೀ. ಮೂರು ವರ್ಷದಿಂದ ಬುಟ್ಟಿ ನೋಡ್ತಾ ಕೂತಿದಾರೆ, ಬುಟ್ಟಿ ಎಲ್ಲೂ ಓಡಿಹೋಗಿಲ್ಲ. ಅತ್ತೆ, ನೀವು ಹೋಗಿ ಬನ್ನಿ. ಚಪ್ಪಲಿ ಕಟ್ಟೆ ನಾನು ನೋಡ್ಕೊಳ್ತೀನಿ."

"ಎತ್ಕೊಂಡು ಹೋಗ್ಲಾ?" ಅಂದ ಮಗ.

"ಬೇಡಪ್ಪ. ನನ್ನ ಕಾಲಲ್ಲೇ ಹೋಗ್ಬೇಕು."

ಮೂವತ್ತನಾಲ್ಕು ಮೆಟ್ಟಿಲು. ಎಂಟು ಹತ್ತಿ ನಿಂತರು. ಮತ್ತೆ ಆರು ಹತ್ತಿ ಕೂತರು. ಜನ ನಮ್ಮನ್ನು ಸುತ್ತಿಕೊಂಡು ಹೋದರು. ಎಡಗೈಯಲ್ಲಿ ಮೆಟ್ಟಿಲ ಪಕ್ಕದ ಕಟಾಂಜನ, ಬಲಗೈಯಲ್ಲಿ ನನ್ನ ಹೆಗಲು. ಮೇಲೆ ಹೋದಾಗ ತುಟಿ ಬೆಳ್ಳಗಾಗಿತ್ತು. ಸ್ವಲ್ಪ ಕೂತ್ಕೊಳ್ಳಿ ಅಂದೆ, ಕೇಳಲಿಲ್ಲ.

ಮಲಗುವ ಕೋಣೆಯ ಹಗ್ಗದ ಹತ್ತಿರ ಮುಟ್ಬೇಡಿ ನಿಂತಿದ್ದ. ನಾನು ಅವನಿಗೆ, "ಈ ಪರದೆ ಹೊಲಿದೋರು ಇವರು" ಅಂದೆ.

ಅವನು ನಗುತ್ತಾ, "ಹಾಗಾದ್ರೆ ಹಕ್ಕಿಗಳನ್ನ ತಲೆಕೆಳಗೆ ನೇತುಹಾಕಿದೋರು ನೀವೇನಾ ಅಜ್ಜಿ?" ಅಂದ.

"ಅದನ್ನೇ ನೋಡೋಕೆ ಬಂದೆ" ಅಂದರು ಹೊಲಿಗೆಯಮ್ಮ.

ಅವರ ಮುಖ ನೋಡಿ ಅವನ ನಗು ಹೋಯಿತು. ಹಗ್ಗ ಬಿಚ್ಚಿದ. ನಾವು ಒಳಗೆ ಹೋದ ಮೇಲೆ ನಮಗೆ ಬೆನ್ನು ಹಾಕಿ ನಿಂತು, ಹೊರಗಿನ ಜನಕ್ಕೆ, "ಮುಟ್ಬೇ‌ಡಿ, ಯಾರೂ ಏನೂ ಮುಟ್ಬೇಡಿ" ಅಂದ.

ಕೋಣೆಯ ಒಂಬತ್ತು ಪರದೆಗಳಲ್ಲಿ ಹಕ್ಕಿಗಳು ನೆಟ್ಟಗೆ ಕೂತಿದ್ದವು. ಹೊಲಿಗೆಯಮ್ಮ ಅವನ್ನು ತಿರುಗಿಯೂ ನೋಡಲಿಲ್ಲ. ಮಂಚ ಸುತ್ತಿಕೊಂಡು ಮೂಲೆ ಕಿಟಕಿಗೆ ಹೋಗಿ, ಪರದೆಯ ಪಕ್ಕದ ಅಂಚನ್ನು ಕೈಗೆ ತೆಗೆದುಕೊಂಡರು. ಮಗುಚಿದರು. ಕಣ್ಣು ಮುಚ್ಚಿಕೊಂಡು ಎಡಗೈ ಹೆಬ್ಬೆರಳನ್ನು ಹೊಲಿಗೆಯ ಮೇಲೆ ಮೆಲ್ಲಗೆ ಸರಿಸುತ್ತಾ ಹೋದರು. ಎರಡು ಗೇಣು ಹೋಗುವಷ್ಟರಲ್ಲಿ ಬೆರಳು ನಿಂತಿತು.

"ನನ್ನದೇ" ಅಂದರು.

ಅಲ್ಲೇ ನೆಲದ ಮೇಲೆ ಕೂತರು. ನಾನೂ ಪಕ್ಕದಲ್ಲಿ ಕೂತೆ. ಪರದೆಯ ಅಂಚು ಇನ್ನೂ ಅವರ ಕೈಯಲ್ಲಿತ್ತು.

"ನಿಮಗೆ ಒಂದು ಹೇಳಿರಲಿಲ್ಲ" ಅಂದರು. "ಅವತ್ತು ಮಾಸ್ಟರ್ ಇದನ್ನ ಮೇಜಿನ ಮೇಲೆ ಹರವಿದಾಗ ಮುಂಭಾಗ ಮೇಲಿತ್ತು. ನನ್ನ ಕೈ ಈ ಅಂಚಿನ ಮೇಲೇ ಇತ್ತು. ಒಂದು ಚೂರು ಮಗುಚಿದ್ರೆ ಸಾಕಿತ್ತು, ಯಾರ ಕೈ ಅಂತ ಆ ಗಳಿಗೇಲೇ ಗೊತ್ತಾಗ್ತಿತ್ತು. ನನ್ನ ಹೊಲಿಗೆ ಬೇರೆ ಥರ ವಾಲುತ್ತೆ ಅಂತ ಆ ವರ್ಕ್‌ಶಾಪಲ್ಲಿ ಗೊತ್ತಿದ್ದದ್ದು ಇಬ್ಬರಿಗೇ. ನನಗೆ, ರೇಡಿಯೋಗೆ. ಅದಕ್ಕೇ ಅವಳು ನನ್ನ ಮುಖ ನೋಡಿದ್ದು. ನಾನು ಮಗುಚ್ತೀನಿ ಅಂತ ಕಾದ್ಲು. ನಾನು ಕೈ ಹಿಂದಕ್ಕೆ ತೆಗೆದೆ."

"ಯಾಕೆ ಅಕ್ಕ?"

"ನನ್ನದೇ ಆಗಿದ್ರೆ ಅಂತ ಭಯ. ನಮ್ಮನೆಯವರು ಆಗ ತೀರಿಕೊಂಡು ಆರು ತಿಂಗಳು. ಮಗ ಮೊಲೆ ಕುಡೀತಿದ್ದ." ಮಗುಚಿದ ಅಂಚನ್ನು ಸವರುತ್ತಾ ಅಂದರು, "ಅವಳೂ ಮಗುಚಬಹುದಿತ್ತು. ಅವಳ ಕೈಗೂ ಎಟುಕುತ್ತಿತ್ತು. ಮಗುಚಲಿಲ್ಲ."

ಆ ಮಾತು ಹೇಳುವ ತನಕ ಅವರಿಗೇ ಅದು ಹೊಳೆದಿರಲಿಲ್ಲವೇನೋ. ಪರದೆಯ ಅಂಚನ್ನು ಬಿಟ್ಟು, ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡರು. ಮುಟ್ಬೇಡಿ ತಿರುಗಿ ನೋಡಲಿಲ್ಲ.

ಇಳಿಯಲು ಹತ್ತುವುದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. ಕೆಳಗೆ ಮಗ, "ಹೇಗಿತ್ತಮ್ಮಾ ಮನೆ?" ಅಂದ. "ಚೆನ್ನಾಗಿದೆ ಕಣಪ್ಪಾ, ದೊಡ್ಡದಾಗಿದೆ" ಅಂದರು. ತೋಟದಲ್ಲಿ ಬುತ್ತಿ ಬಿಚ್ಚಿ ಅವರೆಲ್ಲ ಉಂಡರು. ಮೊಮ್ಮಗಳು ಪೊದೆಗಳ ನಡುವೆ ಅಡಗಿಕೊಂಡು ಅಜ್ಜಿಯನ್ನು ಕೂಗುತ್ತಿದ್ದಳು, ಅಜ್ಜಿ ಕೂತಲ್ಲಿಂದಲೇ "ಸಿಕ್ಕಿದೆ, ಸಿಕ್ಕಿದೆ" ಅನ್ನುತ್ತಿದ್ದರು. ಮಧ್ಯಾಹ್ನ ಬಿಡುವು ಮಾಡಿಕೊಂಡು ನಾನು ಅವರ ಹತ್ತಿರ ಹೋದಾಗ ರೇಡಿಯೋ ಮನೆಗೆ ಹೋಗುವ ಮಾತಾಯಿತು. ತಪ್ಪು ತೋರಿಸಿದವಳು ನಾನು, ನಾನೂ ಬರುತ್ತೇನೆ ಅಂದೆ. ಸೋಮವಾರ ದೊಡ್ಡಮನೆಗೆ ರಜೆ. ಸೋಮವಾರ ಹತ್ತು ಗಂಟೆಗೆ ಬಸ್ ಸ್ಟ್ಯಾಂಡಿನ ಗಡಿಯಾರದ ಕೆಳಗೆ ಸಿಗೋಣ ಅಂತ ಮಾತಾಡಿಕೊಂಡೆವು.

ಸೋಮವಾರ ಒಂಬತ್ತೂಮುಕ್ಕಾಲಿಗೆ ಹೋಗಿ ಗಡಿಯಾರದ ಕೆಳಗೆ ನಿಂತೆ. ಒಂದು ಗಂಟೆ ಹೊಡೆಯುವ ತನಕ ನಿಂತಿದ್ದೆ. ಮನಸ್ಸು ಬದಲಾಯಿಸಿರಬೇಕು ಅಂದುಕೊಂಡು ಸ್ವಲ್ಪ ಕೋಪವೂ ಬಂತು.

ಬುಧವಾರ ಮಗ ನನ್ನ ಕಟ್ಟೆಗೆ ಬಂದ. ಚಪ್ಪಲಿ ಬಿಡಲಿಲ್ಲ. "ಅಮ್ಮ ಹೋಗ್ಬಿಟ್ರು. ಭಾನುವಾರ ಬೆಳಿಗ್ಗೆ. ಎದ್ದು ಕೂತು, ನೀರು ಕೇಳಿ, ತರೋಷ್ಟರಲ್ಲಿ..." ಅಂದ. "ನಿಮ್ಮ ಜೊತೆ ಸೋಮವಾರ ಎಲ್ಲಿಗೋ ಹೋಗೋದಿದೆ ಅಂತಿದ್ರು. ಅದಕ್ಕೇ ತಿಳಿಸೋಣ ಅಂತ ಬಂದೆ."

ಮೆಟ್ಟಿಲು ಹತ್ತಿಸಿದ್ದಕ್ಕೇ ಹೀಗಾಯಿತಾ ಅಂತ ಕೇಳಬೇಕೆಂದುಕೊಂಡೆ, ಬಾಯಿ ಬರಲಿಲ್ಲ. ಅವನೂ ಆ ಮಾತೆತ್ತಲಿಲ್ಲ. ರೇಡಿಯೋ ಮಗಳ ಮನೆ ಎಲ್ಲಿ ಅಂತ ಮಾತ್ರ ಕೇಳಿದೆ. ಒಂದು ಬಸ್ ಟಿಕೆಟಿನ ಹಿಂದೆ ದೊಡ್ಡ ಅಕ್ಷರದಲ್ಲಿ ಬರೆದುಕೊಟ್ಟ.

ಮುಂದಿನ ಸೋಮವಾರ ಒಬ್ಬಳೇ ಹೋದೆ. ಎರಡು ಬಸ್ ಬದಲಾಯಿಸಬೇಕು. ಬಾಗಿಲು ತೆಗೆದದ್ದು ಮಗಳು. ನಾನು ದೊಡ್ಡಮನೆಯಿಂದ ಬಂದವಳು, ಎಡಚಿಯ ಕಡೆಯವಳು ಅಂದೆ. ಅವಳ ಮುಖ ಗಂಟಾಯಿತು. "ಆ ಅಮ್ಮ ಬಂದು ಹೋದ ಮೇಲೆ ನಮ್ಮಮ್ಮ ಮಾತೇ ಕಮ್ಮಿ ಮಾಡಿದಾರೆ. ಮುಂಚೆ ಸುಮ್ಮನಿರಮ್ಮಾ ಅಂತ ನಾವೇ ಬೇಡ್ಕೋತಿದ್ವಿ" ಅಂದಳು. ಆದರೂ ಒಳಗೆ ಬಿಟ್ಟಳು.

ರೇಡಿಯೋ ಗೋಡೆ ಪಕ್ಕದ ಮಂಚದ ಮೇಲಿದ್ದರು. ಮಲಗಿದ್ದರೂ ಉದ್ದ ಕಾಣುತ್ತಿದ್ದರು. ನಾನು ಅವರ ತಲೆದಿಂಬಿನ ಪಕ್ಕದಲ್ಲಿ, ಅವರು ನೋಡುವ ಕಡೆಗೇ ಮುಖ ಮಾಡಿ ಕೂತು, ಕಾಗದ ಮತ್ತು ಬೂಟಿನ ಚೀಲ ಎರಡನ್ನೂ ಮುಂದೆ ಹಿಡಿದೆ. ನಾನು ಮಾಡಿದ ತಪ್ಪನ್ನು ಹೇಳಿದೆ. ಹೊಲಿಗೆಯಮ್ಮ ಮಹಡಿ ಹತ್ತಿದ್ದನ್ನು, ನೆಲದ ಮೇಲೆ ಕೂತು ಹೇಳಿದ್ದನ್ನು, ಒಂದೂ ಬಿಡದೆ ಹೇಳಿದೆ.

ಅವರು ಚೀಲದ ಮೂಲೆಯನ್ನು ಬೆರಳಿನಿಂದ ಸವರಿದರು. "ಅವಳದೇ ಕೈ" ಅಂದರು. ಆಮೇಲೆ, "ಅವಳ್ಯಾಕೆ ಬರಲಿಲ್ಲ?"

ಅದನ್ನೂ ಹೇಳಿದೆ.

ರೇಡಿಯೋ ಚೀಲವನ್ನು ಎಳೆದು ಎದೆಯ ಮೇಲಿಟ್ಟುಕೊಂಡರು. "ಕೆಲಸ ಹೋಯ್ತು, ಹೋಗ್ಲಿ. ಪಾತ್ರೆ ತೊಳೆದೆ, ಅದೂ ಹೋಗ್ಲಿ. ಅವೆಲ್ಲ ಮಾಡುವಾಗ ನಾನು ತಪ್ಪು ಮಾಡಿಲ್ಲ ಅನ್ನೋದೊಂದಿತ್ತು. ಈ ಒಂದು ವರ್ಷ ಅದೂ ಇರಲಿಲ್ಲ ಕಣಮ್ಮಾ" ಅಂದರು. "ಅಳ್ತಿದ್ಲಾ ಅವಳು?"

"ಬಾಯಿ ಮುಚ್ಕೊಂಡಿದ್ರು."

"ಹಾಗೇ ಮಾಡ್ತಿದ್ಲು" ಅಂದು ಗೋಡೆ ಕಡೆ ತಿರುಗಿಕೊಂಡರು. ನಾನು ಬರುವ ತನಕ ಈ ಕಡೆ ತಿರುಗಲಿಲ್ಲ. ಚೀಲ ಕೇಳಲು ಮನಸ್ಸಾಗದೆ ಅವರ ಹತ್ತಿರವೇ ಬಿಟ್ಟು ಬಂದೆ. ಅವರು ಕ್ಷಮಿಸಿದರೋ ಇಲ್ಲವೋ ನನಗೆ ಗೊತ್ತಾಗಲಿಲ್ಲ. ಗೊತ್ತಾಗಿದ್ದರೂ ತಿಳಿಸಬೇಕಾದವರು ಇರಲಿಲ್ಲ.

ಹೊಲಿಗೆಯಮ್ಮ ಮಹಡಿ ಹತ್ತಿದ ಆ ಕೊನೆಯ ದಿನ ಅವರನ್ನೆಲ್ಲ ಕಳಿಸಿಕೊಡಲು ಗೇಟಿನ ತನಕ ಹೋಗಿದ್ದೆ. ಮಗ ಬುಟ್ಟಿ ಎತ್ತಿಕೊಂಡು ಮುಂದೆ ನಡೆದಿದ್ದ. ಸೊಸೆ ಬಗ್ಗಿ ಮಗಳ ಬೂಟಿನ ದಾರ ಕಟ್ಟುತ್ತಿದ್ದಳು. ಹೊಲಿಗೆಯಮ್ಮ ನನ್ನ ಮೊಣಕೈ ಹಿಡಿದು ಸ್ವಲ್ಪ ಪಕ್ಕಕ್ಕೆ ಎಳೆದುಕೊಂಡು, ಅವರಿಗೆ ಕೇಳಿಸದ ಹಾಗೆ ಕೇಳಿದರು:

"ಅಕ್ಕ, ನಾನು ಯಾಕೆ ಬಂದಿದೀನಿ ಅಂತ ಗೊತ್ತಾದ್ರೆ, ಅವಳು ಬಾಗಿಲು ತೆಗೆಸ್ತಾಳಾ?"